ಡ್ರೈವರ್‌ದೇ ತಪ್ಪು

ಹಿತ್ತಾಳೆ ದೀಪಗಳಿಗೆ ಹುಣಸೆಹಣ್ಣು ಹಚ್ಚಿಟ್ಟು, ಒಂದನ್ನು ಉಜ್ಜಿ ಮುಗಿಸಿ ಎರಡನೆಯದಕ್ಕೆ ಕೈ ಹಾಕಿದ್ದೆ. ಕಡೆಯ ಕಾರ್ತಿಕ ಸೋಮವಾರ ಹತ್ತಿರ ಬಂದಿತ್ತು. ಫೋನು ಹೊಡೆದುಕೊಂಡಿತು. ಕೈಯೆಲ್ಲ ಹುಳಿ. ಸೆರಗಿನ ತುದಿಯಲ್ಲಿ ಹಿಡಿದು ಕಿವಿಗಿಟ್ಟುಕೊಂಡೆ. ಆಸ್ಪತ್ರೆಯಿಂದ ನಮ್ಮ ಯಜಮಾನರು. "ಅಣ್ಣ ಹೋದ ಕಣೆ" ಎಂದರು. ಬೆಳಿಗ್ಗೆ ಎರಡು ಇಡ್ಲಿ ತಿಂದು, ನಾಳೆ ಮನೆಗೆ ಹೋಗಬಹುದು ಎಂದು ಡಾಕ್ಟರ ಬಾಯಲ್ಲಿ ಹೇಳಿಸಿಕೊಂಡು, ಹನ್ನೊಂದು ಗಂಟೆಗೆ ಹೊರಟೇಬಿಟ್ಟರಂತೆ. ಸೂತಕ ಬಂದ ಮೇಲೆ ದೇವರ ದೀಪ ಮುಟ್ಟುವ ಹಾಗಿಲ್ಲವಲ್ಲ. ಎಲ್ಲವನ್ನೂ ಹಿತ್ತಲ ಕಟ್ಟೆಯ ಮೇಲೆ ಹಾಗೇ ಬಿಟ್ಟು ಎದ್ದೆ.

ಹೋದವರು ನನ್ನ ಭಾವನವರು, ನಮ್ಮ ಯಜಮಾನರ ಅಣ್ಣ. ಮೂವತ್ತೊಂದು ವರ್ಷ ತಾವೇ ಡ್ರೈವರಾಗಿದ್ದು, ಕೊನೆಗಾಲದಲ್ಲಿ ಒಬ್ಬ ಸರಿಯಾದ ಡ್ರೈವರ್ ಸಿಗದೆ ಮನೆಯಲ್ಲಿ ಕೂತು ಒದ್ದಾಡಿದ ಮನುಷ್ಯ ಮೈಸೂರಿನಲ್ಲಿ ಅವರೊಬ್ಬರೇ ಇರಬೇಕು. ಸಾವಿನ ಮನೆಯವಳು ಹೀಗೆ ಮಾತಾಡುತ್ತಾಳಲ್ಲ ಎನ್ನಬೇಡಿ. ಅವರ ವಿಷಯ ತೆಗೆದರೆ ನಗು ಮೊದಲು ಬರುತ್ತದೆ, ಇನ್ನೊಂದು ಅದರ ಹಿಂದೆಯೇ ಬರುತ್ತದೆ. ನಾನೇನು ಮಾಡಲಿ?

ಅವರು ಓಡಿಸುತ್ತಿದ್ದದ್ದು ಇಲವಾಲದ ಬಸ್ಸು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, "ಡ್ರೈವರ್ ಸೀಟು ಸಿಂಗಲ್ ಸೀಟು ಕಣಮ್ಮ" ಎಂದುಬಿಡುತ್ತಿದ್ದರು. ನಾನು ಗೋಕುಲಂನ ಈ ಮನೆಗೆ ಮದುವೆಯಾಗಿ ಬಂದ ಎರಡನೆಯ ದಿನ ಅವರಿಗೆ ಮುದ್ದೆ ಬಡಿಸಿ, ಸಾರು ಹಾಕಿ, ಬಾಗಿಲ ಮರೆಗೆ ನಿಂತೆ. ಅವರು ತಟ್ಟೆಗೆ ಕೈಯನ್ನೇ ಹಾಕಲಿಲ್ಲ. ನೆಟ್ಟಗೆ ಕೂತು ಎದುರಿನ ಗೋಡೆ ನೋಡುತ್ತಿದ್ದರು. ಸಾರಿನಲ್ಲಿ ಕೂದಲೇನಾದರೂ ಬಿತ್ತೋ, ಉಪ್ಪೇ ಹಾಕಲಿಲ್ಲವೋ ಎಂದು ಮರೆಯಿಂದಲೇ ಇಣುಕಿ ನೋಡಿದೆ. ಒಳಗಿನಿಂದ ಅತ್ತೆ ಕೂಗಿದರು, "ಅಯ್ಯೋ, ರೈಟ್ ಅನ್ನೇ ಅವನಿಗೆ, ಇಲ್ದಿದ್ರೆ ಸಂಜೆಗಂಟ ಅಂಗೇ ಕೂತಿರ್ತಾನೆ." ನಾನು ನಾಚಿಕೊಂಡು, "ರೈಟ್" ಎಂದೆ. ಗಾಡಿ ಹೊರಟಿತು. ನಾಲ್ಕು ಮುದ್ದೆ ಆದ ಮೇಲೆ "ಹೋಲ್ಡಾನ್" ಎಂದವರು ಅವರೇ.

ಅತ್ತೆ ಹೋದ ಮೇಲೆ ಕಂಡಕ್ಟರ್ ಕೆಲಸ ಪೂರ್ತಿ ನನ್ನ ಪಾಲಿಗೆ ಬಂತು. ಭಾವನವರು ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹತ್ತಿರ ನಿಂತರೆ ನಾನು ಅಡುಗೆಮನೆಯಿಂದ "ರೈಟ್" ಎನ್ನಬೇಕು. ಬೀರು ಸರಿಸುವಾಗ "ಬರ್ಲಿ, ಬರ್ಲಿ" ಎನ್ನಬೇಕು. ಒಗ್ಗರಣೆ ಸೀದುಹೋಗುವ ಹೊತ್ತಿನಲ್ಲಿ ಎಷ್ಟು ಸಲ ಬೈದುಕೊಂಡು ಹೇಳಿದ್ದೇನೋ ತಾಯಿ ಚಾಮುಂಡಿಗೇ ಗೊತ್ತು.

ಅವರ ಮುಂದೆ ಆಡಬಾರದ ಮಾತು ಒಂದೇ ಒಂದಿತ್ತು. "ಡ್ರೈವರ್‌ದೇ ತಪ್ಪು." ಪೇಪರಿನಲ್ಲಿ ಎಲ್ಲೋ ಅಪಘಾತದ ಸುದ್ದಿಯಲ್ಲಿ 'ಚಾಲಕನ ನಿರ್ಲಕ್ಷ್ಯ' ಎಂದು ಕಂಡರೆ ಸಾಕು, ಪೆನ್ನು ತೆಗೆದು ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ 'ರಸ್ತೆ ನೋಡಿದ್ದೀರಾ?' ಎಂದು ಬರೆಯುತ್ತಿದ್ದರು. ಆ ಪೇಪರನ್ನು ಅವರ ನಂತರ ಓದುವವಳು ನಾನೊಬ್ಬಳೇ. ಉತ್ತರ ನಾನು ಕೊಡಬೇಕಿತ್ತೋ ಏನೋ.

ಅಂಥವರ ಬಲಗೈ ನಡುಗತೊಡಗಿತು. ಮೊದಮೊದಲು ಕಾಫಿ ಲೋಟದಲ್ಲಿ ಗೊತ್ತಾಯಿತು. ನಾನು ಅರ್ಧ ಲೋಟವೇ ಕೊಡತೊಡಗಿದೆ, ಅವರೂ ಯಾಕೆಂದು ಕೇಳಲಿಲ್ಲ. ಒಂದು ಮಧ್ಯಾಹ್ನ ಹೂಟಗಳ್ಳಿ ದಾಟಿದ ಮೇಲೆ ಸ್ಟೇರಿಂಗ್ ಹಿಡಿದ ಕೈ ಮಾತು ಕೇಳಲಿಲ್ಲವಂತೆ. ಬಸ್ಸನ್ನು ಮೆಲ್ಲಗೆ ಎಡಕ್ಕೆ ತಂದು, ನಿಲ್ಲಿಸಿ, ಇಳಿದು, ತಾವೇ ಡಿಪೋಗೆ ಫೋನು ಮಾಡಿದರು. ಜನರನ್ನು ಹಿಂದಿನ ಬಸ್ಸಿಗೆ ಹತ್ತಿಸಿದರು. ಯಾರಿಗೂ ಒಂದು ಗೀರೂ ಆಗಲಿಲ್ಲ, ಅದು ತಾಯಿಯ ದಯೆ. ಆದರೂ ಹತ್ತುವಾಗ ಯಾರೋ, "ಡ್ರೈವರ್ ಸರಿಯಿಲ್ಲ ಕಣ್ರೀ" ಎಂದರಂತೆ. ಆಮೇಲೆ ಅವರು ಬಸ್ಸು ಮುಟ್ಟಲಿಲ್ಲ. ಉಳಿದ ಸರ್ವೀಸನ್ನು ಡಿಪೋದ ಮೇಜಿನ ಹಿಂದೆ ಕಳೆದು ಮನೆಗೆ ಬಂದರು. "ಆ ಟ್ರಿಪ್ಪು ಇಲವಾಲ ಮುಟ್ಟಲಿಲ್ಲ ಕಣಮ್ಮ. ಅರ್ಧಕ್ಕೆ ಬುಟ್ಬುಟ್ಟೆ" ಎಂದು ಒಂದೇ ಸಲ ನನ್ನ ಹತ್ತಿರ ಹೇಳಿದ್ದರು. ಹೇಳಿದ್ದು ಒಂದೇ ಸಲವಾದರೂ ಮನೆಯೊಳಗೆ ಆ ಮಾತು ದಿನವೂ ಓಡಾಡುತ್ತಿತ್ತು. ಬಾಲ್ಕನಿಯಲ್ಲಿ ಕಣ್ಣು ಮುಚ್ಚಿ, ಎರಡೂ ಕೈ ಮುಂದೆ ಚಾಚಿ, ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸುತ್ತ ಕೂರುತ್ತಿದ್ದರು. ಎದುರುಮನೆಯಲ್ಲಿ ಯೋಗ ಕಲಿಯಲು ಬಂದಿದ್ದ ಬಿಳಿಯ ಹೆಂಗಸು ಒಂದು ದಿನ ನನ್ನನ್ನು ತಡೆದು, ಇದು ಯಾವ ಆಸನ ಎಂದು ಕೇಳಿದಳು. ಏನು ಹೇಳಲಿ? ಬಸ್ಸಾಸನ ಎಂದು ಬಂದುಬಿಟ್ಟೆ.

ಹೀಗಿರುವಾಗ ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟವಿದೆ, ನಿಜವಾದ ಸ್ಟೇರಿಂಗನ್ನೇ ಜೋಡಿಸಬಹುದು ಎಂದು ಅವರಿಗೆ ಎಲ್ಲಿಂದಲೋ ಗೊತ್ತಾಯಿತು. ರೆಡಿ ಸಿಗುವುದು ಬೇಡ, ತಾವೇ ಕಟ್ಟುತ್ತೇನೆ ಎಂದು ಒಂದೊಂದೇ ಭಾಗ ತರಿಸತೊಡಗಿದರು.

"ಅಣ್ಣಾ, ಈ ವಯಸ್ಸಲ್ಲಿ ಆಟದ ಸಾಮಾನಾ?" ಎಂದರು ಯಜಮಾನರು.

"ನೀನು ಈ ವಯಸ್ಸಲ್ಲಿ ಧಾರಾವಾಹಿ ನೋಡ್ಕೊಂಡು ಅಳ್ತೀಯಲ್ಲೋ, ನಾನೇನಾದ್ರೂ ಅಂದ್ನಾ?"

ಯಜಮಾನರು ಟೀವಿಯ ಸದ್ದು ತಗ್ಗಿಸಿದರು.

ಎಲ್ಲ ಭಾಗಗಳೂ ಬಂದು ಸೇರುವ ಹೊತ್ತಿಗೆ ಆಯುಧಪೂಜೆ. ಪೂಜೆಯಾಗದೆ ಒಂದು ಸ್ಕ್ರೂ ಕೂಡ ತಿರುಗಿಸುವುದಿಲ್ಲ ಎಂದರು. ಎಲ್ಲವನ್ನೂ ದೇವರ ಮುಂದೆ ಮಣೆಯ ಮೇಲೆ ಸಾಲಾಗಿ ಜೋಡಿಸಿಟ್ಟು ಸ್ನಾನಕ್ಕೆ ಹೋದರು. ಅದರಲ್ಲಿ ಇಟ್ಟಿಗೆಯಷ್ಟು ದಪ್ಪದ, ಮೂರು ಫ್ಯಾನು ಇರುವ ಒಂದು ವಸ್ತುವಿತ್ತು. ಅದೇ ಗ್ರಾಫಿಕ್ಸ್ ಕಾರ್ಡಂತೆ. ಪರದೆಯ ಮೇಲೆ ರಸ್ತೆ, ಮರ, ಮನೆ, ಎಲ್ಲ ಚಿತ್ರ ಬರೆಯುವ ಕೆಲಸ ಅದರದ್ದು. ನಾನು ಅರಿಶಿನ ಕಲಸಿಕೊಂಡು ಸ್ಟೇರಿಂಗಿಗೆ, ಪರದೆಯ ಅಂಚಿಗೆ, ಕಂಪ್ಯೂಟರಿನ ಖಾಲಿ ಪೆಟ್ಟಿಗೆಗೆ, ಕಂಡಕಂಡಲ್ಲಿ ಬೊಟ್ಟಿಟ್ಟು ಮೇಲೆ ಕುಂಕುಮ ಒತ್ತುತ್ತ ಬಂದೆ. ಆ ಕಾರ್ಡಿನ ಕೆಳಗಂಚಿನಲ್ಲಿ ಸಣ್ಣ ಸಣ್ಣ ಚಿನ್ನದ ಹಲ್ಲುಗಳ ಸಾಲೊಂದು ಹೊಳೆಯುತ್ತಿತ್ತು. ಚಿನ್ನ ಕಂಡ ಮೇಲೆ ಬಿಡಲಾದೀತೇ? ಅಲ್ಲಿಗೂ ಧಾರಾಳವಾಗಿ ಇಟ್ಟೆ.

ಭಾವನವರು ಖಾಕಿ ಅಂಗಿ ತೊಟ್ಟು ಬಂದರು. ಗೇಟಿನ ಮುಂದೆ ಬೂದುಗುಂಬಳ ಒಡೆದರು. ಪೆಟ್ಟಿಗೆಯ ನಾಲ್ಕು ಕಾಲಿಗೆ ನಾಲ್ಕು ನಿಂಬೆಹಣ್ಣು ಇಟ್ಟರು. ನಾನು "ರೈಟ್" ಎಂದೆ. ಪೆಟ್ಟಿಗೆಯನ್ನು ಹಿಂದಿನಿಂದ ತಳ್ಳಿದರು. ಮೂರು ನಿಂಬೆಹಣ್ಣು ಅಪ್ಪಚ್ಚಿಯಾದವು, ನಾಲ್ಕನೆಯದು ಉರುಳಿ ಸೋಫಾದ ಅಡಿಗೆ ಓಡಿಹೋಯಿತು. ನನ್ನ ಮನಸ್ಸಿಗೆ ಅದು ಸರಿಬರಲಿಲ್ಲ.

ಮಹಡಿಯ ಕೋಣೆಯಲ್ಲಿ ವಿಡಿಯೊ ನೋಡಿಕೊಂಡು ಎಂಟು ದಿನ ಕೂತು ಜೋಡಿಸಿದರು. ನಡುಗುವ ಕೈಯಲ್ಲಿ ಕಡಲೆಕಾಳಿಗಿಂತ ಚಿಕ್ಕ ಸ್ಕ್ರೂ ಹಾಕುವುದನ್ನು ನೋಡಲಾರದೆ ನಾನು ಕೆಳಗೆ ಬಂದುಬಿಡುತ್ತಿದ್ದೆ. ಮೊದಲ ದಿನ ಗುಂಡಿ ಒತ್ತಿದಾಗ ಪರದೆಯ ಮೇಲೆ ಏನೂ ಬರಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಪರದೆಯ ವೈರನ್ನು ಕಾರ್ಡಿಗೆ ಸಿಕ್ಕಿಸುವ ಬದಲು ಪೆಟ್ಟಿಗೆಯಲ್ಲಿ ಅದಕ್ಕಿಂತ ಮೇಲಿದ್ದ ಇನ್ನೊಂದು ತೂತಿಗೆ ಸಿಕ್ಕಿಸಿದ್ದರು. "ಬಸ್ಸಿಗೆ ಎರಡು ಬಾಗ್ಲು ಇರೋದೇ ಮರ್ತ್ಬುಟ್ಟಿದ್ದೆ ಕಣಮ್ಮ" ಎಂದು ತಾವೇ ನಕ್ಕರು. ವೈರು ಬದಲಿಸಿದರು. ಬೆಳಕು ಬಂತು. ನಾನು ಕೆಳಗಿನಿಂದಲೇ ಕೈಮುಗಿದೆ.

ಆಟದ ಊರು ಯಾವುದೋ ಪರದೇಶ. ಭಾವನವರಿಗೆ ಅದೇ ಹುಣಸೂರು ರಸ್ತೆ. ಸೇತುವೆ ಬಂದರೆ ಪಡುವಾರಹಳ್ಳಿ, ಪೆಟ್ರೋಲ್ ಬಂಕು ಬಂದರೆ ಹಿನಕಲ್, ಗಾಳಿಯಂತ್ರ ಬಂದರೆ ಹೂಟಗಳ್ಳಿ, ಕೊನೆಯ ಸ್ಟಾಪಿನ ಗಡಿಯಾರದ ಕಂಬವೇ ಇಲವಾಲ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕಂತೆ. ಇವರು ಎಡಗಡೆ ಬಿಡಲೇ ಇಲ್ಲ. "ನೋಡು, ಇಡೀ ಊರೇ ರಾಂಗ್ ಸೈಡಲ್ಲಿ ಬರ್ತೈತೆ" ಎಂದು ನನಗೆ ದೂರು ಹೇಳಿದರು. ಅಡ್ಡಾದಿಡ್ಡಿ ತಪ್ಪಿಸಿಕೊಂಡು ಹಿನಕಲ್‌ವರೆಗೆ ಬಂದರು. ಅಷ್ಟೇ. ಪರದೆ ಕಪ್ಪಾಯಿತು. ಸ್ವಲ್ಪ ಹೊತ್ತಿನ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು.

"ಏನಂತೆ ಭಾವ?" ಎಂದೆ.

"ಡ್ರೈವರ್ ರೆಸ್ಪಾಂಡ್ ಮಾಡ್ತಿಲ್ಲ, ನಿಂತೋಗವ್ನೆ ಅಂತ ಬರ್ದೈತೆ." ಅವರ ಮುಖ ಕೆಂಪಾಗಿತ್ತು. "ಇಲ್ಲೂ ಡ್ರೈವರ್ ಮ್ಯಾಲೇ ಹಾಕವ್ರೆ ನೋಡಮ್ಮ."

ಡ್ರೈವರ್ ಎಂದರೆ ಅಲ್ಲಿ ಮನುಷ್ಯನಲ್ಲ, ಆ ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ಮಾತು ದಾಟಿಸುವ ಒಂದು ಪ್ರೋಗ್ರಾಮು ಎಂದು ನನಗೆ ವಿವರಿಸಿದವರು ಅವರೇ. ವಿವರಿಸಿದ ಮೇಲೂ ಅವರು ಅದನ್ನು ಮನುಷ್ಯನೆಂದೇ ನಡೆಸಿಕೊಂಡರು. ಹಳೇ ಡ್ರೈವರನ್ನು ಬೇರುಸಮೇತ ತೆಗೆದು ಹೊಸಬನನ್ನು ಹಾಕಿ ಎಂದು ವಿಡಿಯೊದವನು ಹೇಳಿದ. ಭಾವನವರು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ತುಂಬ ಹೊತ್ತು ಕೂತರು. "ಎನ್‌ಕ್ವೈರಿ ಇಲ್ಲ, ನೋಟಿಸ್ ಇಲ್ಲ, ಒಂದೇ ಏಟ್ಗೆ ಡಿಸ್‌ಮಿಸ್. ಪಾಪ ಕಣಮ್ಮ." ಆಮೇಲೆ ಒತ್ತಿದರು. ಹೊಸಬ ಬಂದ. ಅವನೂ ಹಿನಕಲ್ ದಾಟಲಿಲ್ಲ. ಹೊಸಬರಿಗಿಂತ ಹಳಬರೇ ವಾಸಿ ಎಂದು ಹಿಂದಿನ ವರ್ಷದವನನ್ನು ಹುಡುಕಿ ಹಾಕಿದರು. ಅವನು ಹೂಟಗಳ್ಳಿಯವರೆಗೆ ಹೋಗಿ ನಿಂತ. ಒಂದೊಂದು ದಿನವಂತೂ ಆ ಕಾರ್ಡು ಒಳಗಿದೆ ಎಂಬುದೇ ಕಂಪ್ಯೂಟರಿಗೆ ತಿಳಿಯುತ್ತಿರಲಿಲ್ಲ. ಹದಿನೈದು ದಿನದಲ್ಲಿ ಏಳು ಡ್ರೈವರುಗಳು ನಮ್ಮ ಮನೆಯಲ್ಲಿ ಡ್ಯೂಟಿಗೆ ಬಂದು ಹೋದರು. ನಾನು ಫೋನಿನಲ್ಲಿ ನನ್ನ ತಂಗಿಗೆ, "ಒಬ್ಬ ಡ್ರೈವರೂ ಸರಿಹೋಗ್ತಿಲ್ಲ ಕಣೆ, ದಿನಾ ತೆಗೆದು ಹಾಕ್ತಾನೇ ಇದಾರೆ" ಎಂದರೆ ಅವಳು, "ಕಾರು ತಗೊಂಡಿದ್ದು ನನಗೆ ಹೇಳ್ಲೇ ಇಲ್ವಲ್ಲಕ್ಕ" ಎಂದು ಕೋಪಿಸಿಕೊಂಡು ನಾಲ್ಕು ದಿನ ಮಾತು ಬಿಟ್ಟಳು.

ಕಾರ್ಡಿನ ಕಂಪನಿಯವರಿಗೆ ಬರೆದದ್ದಕ್ಕೆ ಬಂದ ಉತ್ತರವೂ ಅದೇ, ಡ್ರೈವರ್ ಬದಲಿಸಿ. ಭಾವನವರು ಮಾತ್ರ ಒಪ್ಪಲಿಲ್ಲ. "ಡ್ರೈವರ್ ತಪ್ಪಲ್ಲ ಕಣಮ್ಮ. ಏಳು ಜನಾನೂ ಕೆಟ್ಟೋರಾ? ಗಾಡೀಲೇ ಏನೋ ಐತೆ, ಯಾರೂ ಬಗ್ಗಿ ನೋಡ್ತಿಲ್ಲ." ನನಗೆ ಕಾರಣ ಗೊತ್ತಿತ್ತು. ಅಪ್ಪಚ್ಚಿಯಾಗದ ಆ ನಾಲ್ಕನೆಯ ನಿಂಬೆಹಣ್ಣು. ಸೋಫಾ ಸರಿಸಿ, ಒಣಗಿ ಕಲ್ಲಾಗಿದ್ದ ಅದನ್ನು ತೆಗೆದು, ಹೊಸದೊಂದನ್ನು ನಾನೇ ಪೆಟ್ಟಿಗೆಯ ಕಾಲಿನಡಿ ಇಟ್ಟು ಒತ್ತಿದೆ. ಬೆಟ್ಟಕ್ಕೆ ಹೋಗಿ ತುಪ್ಪದ ದೀಪ ಹಚ್ಚುತ್ತೇನೆ ಎಂದು ಹರಕೆಯನ್ನೂ ಹೊತ್ತೆ. ಮಾರನೆಯ ದಿನ ಬಸ್ಸು ಪಡುವಾರಹಳ್ಳಿಯಲ್ಲೇ ನಿಂತಿತು.

ಒಂದು ಮಧ್ಯಾಹ್ನ ಕಾಫಿ ತೆಗೆದುಕೊಂಡು ಹೋದೆ. ಪರದೆ ಕಪ್ಪಾಗಿತ್ತು. ಅವರು ಅದನ್ನು ನೋಡುತ್ತ ಸ್ಟೇರಿಂಗ್ ತಿರುಗಿಸುತ್ತಲೇ ಇದ್ದರು. ಗಾಜಿನಲ್ಲಿ ಅವರ ಮುಖವೇ ಕಾಣುತ್ತಿತ್ತು. ಬಲಗೈ ಮಾತ್ರವಲ್ಲ, ಎಡಗೈಯೂ ನಡುಗುತ್ತಿತ್ತು. ನಾನು ಬಂದದ್ದು ಗೊತ್ತಾಗಿ, "ಇನ್ನೆಷ್ಟು ದಿನ ಈ ಕೈ ಸ್ಟೇರಿಂಗ್ ಇಡೀತದೋ ಕಣಮ್ಮ. ಒಂದೇ ಒಂದು ಟ್ರಿಪ್ಪು ಮುಗಿಸಿಬುಟ್ಟಿದ್ರೆ" ಎಂದರು. ಅಂದು ಲೋಟಕ್ಕೆ ಕಾಲುಭಾಗ ಕಾಫಿ ಹಾಕಿದ್ದೆ, ಅದೂ ಚೆಲ್ಲಿತು. ಒರೆಸುವ ನೆವದಲ್ಲಿ ತಲೆ ತಗ್ಗಿಸಿಕೊಂಡೆ.

ಮರುದಿನ ಕಾರ್ಡನ್ನು ಬಿಚ್ಚಿ, ಟವೆಲಿನಲ್ಲಿ ಸುತ್ತಿ, ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಲಕ್ಷ್ಮೀಪುರಂನ ಒಂದು ರಿಪೇರಿ ಅಂಗಡಿಗೆ ಹೊರಟರು. ಬಸ್ಸಿನಲ್ಲೇ ಹೋದರು. ನಾನು "ರೈಟ್" ಎಂದೆ. ಊಟದ ಹೊತ್ತಿಗೆ ಬಂದರು, ಚೀಲ ಎಲ್ಲೋ ಬಿಟ್ಟು, ಕಾರ್ಡನ್ನು ಎದೆಗವಚಿಕೊಂಡು.

"ಏನಾಗಿತ್ತಂತೆ ಭಾವ?"

ಅವರು ಚಪ್ಪಲಿ ಬಿಡುತ್ತ ನೆಲ ನೋಡಿಕೊಂಡು, "ಡ್ರೈವರ್‌ದೇ ತಪ್ಪು ಕಣಮ್ಮ" ಎಂದರು.

ಆ ಮಾತು ಆ ಬಾಯಲ್ಲಿ! ಯಜಮಾನರು ಬಿಡುತ್ತಾರೆಯೇ, "ಪೆನ್ನು ತರ್ಲಾ ಅಣ್ಣ, ಹೊಡೆದು ಹಾಕ್ತೀಯಾ?" ಎಂದು ರೇಗಿಸಿದರು. ನಾನೂ ನಕ್ಕೆ. ಭಾವನವರು ಮಾತ್ರ, "ಇರ್ಲಿ ಬುಡು. ಒಂದೊಂದು ಸಲ ಡ್ರೈವರ್‌ದೂ ಇರ್ತದೆ" ಎಂದು ಕಾರ್ಡನ್ನು ನನ್ನ ಮುಂದೆ ಹಿಡಿದರು. "ನೋಡು, ನೀನಿಟ್ಟ ಕುಂಕುಮ ಅಂಗೇ ಐತೆ." ಫ್ಯಾನಿನ ಪಕ್ಕದ ಬೋಳು ಜಾಗದಲ್ಲಿ ಮೂರು ಬೊಟ್ಟು ಇದ್ದವು. ಸ್ವಲ್ಪ ಅಂಕುಡೊಂಕಾಗಿದ್ದವು, ಯಂತ್ರದ ಬಿಸಿಗೆ ಹಬ್ಬಿರಬೇಕು ಎಂದುಕೊಂಡೆ. ಅಂದು ಕಂಡಲ್ಲೆಲ್ಲ ಇಟ್ಟಿದ್ದೆ, ಯಾವುದು ಎಲ್ಲಿತ್ತು ಎಂದು ನನಗೇನು ನೆನಪು? ಇಷ್ಟು ದಿನ ಕಳೆದರೂ ಕುಂಕುಮ ಅಳಿಸಿಹೋಗಲಿಲ್ಲವಲ್ಲ, ತಾಯಿ ಕೈಬಿಟ್ಟಿಲ್ಲ ಎಂದು ಹಿಗ್ಗಿದೆ.

ಆ ಭಾನುವಾರ ಮಧ್ಯಾಹ್ನ ನಮ್ಮಿಬ್ಬರನ್ನೂ ಮಹಡಿಗೆ ಕರೆದರು. ಅವರ ಹಿಂದೆ ಎರಡು ಕುರ್ಚಿ ಹಾಕಿದ್ದರು. ಯಜಮಾನರು ಕಿಟಕಿ ಪಕ್ಕದ ಸೀಟು ಬೇಕೆಂದು ಹಟ ಮಾಡಿದರು. ನಾನು "ರೈಟ್" ಎಂದೆ. ಸೇತುವೆ ಬಂತು. ಪೆಟ್ರೋಲ್ ಬಂಕು ಬಂತು. "ಹಿನಕಲ್ ಯಾರ್ರೀ, ಹಿನಕಲ್" ಎಂದು ಯಜಮಾನರು ಕೂಗಿದರು. ಗಾಳಿಯಂತ್ರ ಬಂತು. ನಾನು ಮನಸ್ಸಿನಲ್ಲೇ ತಾಯಿಯ ಹೆಸರು ಹೇಳುತ್ತಿದ್ದೆ. ಅದು ಹಿಂದೆ ಸರಿಯಿತು. ದೂರದಲ್ಲಿ ಗಡಿಯಾರದ ಕಂಬ ಕಂಡಿತು. ಭಾವನವರು ಮೆಲ್ಲಗೆ ಎಡಕ್ಕೆ ತಂದು ನಿಲ್ಲಿಸಿದರು. ಕೈ ನಡುಗುತ್ತಲೇ ಇತ್ತು, ಬಸ್ಸು ಅಲುಗಲಿಲ್ಲ. ಹಿಂದಕ್ಕೆ ತಿರುಗಿ ನೋಡಲಿಲ್ಲ. "ಇಲವಾಲ ಬಂತು. ಇಳೀರಮ್ಮ" ಎಂದರು. ನಾವಿಬ್ಬರೂ ಕುರ್ಚಿಯಿಂದ ಎದ್ದು ಮೆಟ್ಟಿಲು ಇಳಿದು ಬಂದೆವು. ಅವರು ಅಲ್ಲೇ ಕೂತಿದ್ದರು.

ಅದಾಗಿ ಎಂಟನೆಯ ದಿನ ಎದೆ ಹಿಡಿದುಕೊಂಡಿತು ಎಂದರು. ಯಜಮಾನರು ಆಟೋ ತಂದರು. ಹತ್ತಿ ಕೂತ ಮೇಲೂ ಗೇಟಿನ ಕಡೆಗೇ ನೋಡುತ್ತಿದ್ದರು. ಆಟೋದವನು ಅವಸರ ಮಾಡುತ್ತಿದ್ದ. "ಇರಪ್ಪ, ಕಂಡಕ್ಟ್ರು ಹೇಳ್ಲಿ" ಎಂದರು. ನಾನು "ರೈಟ್" ಎಂದೆ. ಹೋದರು. ಅಂದು ಹೋಲ್ಡಾನ್ ಎಂದಿದ್ದರೆ ಎಂದು ಈಗ ಒಮ್ಮೊಮ್ಮೆ ಅನ್ನಿಸುತ್ತದೆ. ಹಾಗೆಲ್ಲ ಆಗುವುದಿಲ್ಲ, ಗೊತ್ತು. ನೋವು ಹೆಚ್ಚು ಪಡಲಿಲ್ಲ, ನಮ್ಮ ಯಜಮಾನರು ಪಕ್ಕದಲ್ಲೇ ಇದ್ದರು, ಟ್ರಿಪ್ಪು ಮುಗಿದಿತ್ತು. ಇಷ್ಟು ದಯೆಯನ್ನು ದಿನವೂ ಎಣಿಸಿಕೊಳ್ಳುತ್ತೇನೆ.

ಹನ್ನೊಂದನೆಯ ದಿನ ತಿಥಿ. ಅವರ ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಯಜಮಾನರು ಹೇಳಿದ್ದರು. ಲಕ್ಷ್ಮೀಪುರಂನ ಅಂಗಡಿಯವರು, ನರೆತ ಮೀಸೆಯ ಹಿರಿಯರು, ಭಾವನವರು ಮರೆತು ಬಂದಿದ್ದ ಚೀಲವನ್ನು ಒಗೆದು ಮಡಿಸಿ ತಂದಿದ್ದರು. ಎಲೆಯ ಮುಂದೆ ಕೂತವರಿಗೆ ನಾನು ಸೆರಗು ಸಿಕ್ಕಿಸಿಕೊಂಡು ಪಾಯಸ ಬಡಿಸುತ್ತ ಬಂದೆ. ಬಂಧುಬಳಗದಲ್ಲಿ ಯಾರೋ ಒಬ್ಬಳು ಎಂದುಕೊಂಡು ಆ ಅಂಗಡಿಯವರು ನನ್ನೊಡನೆ ಮಾತಿಗೆ ಶುರುಮಾಡಿದರು.

"ಎಂಥ ಮನುಷ್ಯ ಅಂತೀರಮ್ಮ. ಆ ಕಾರ್ಡಿನ ಚಿನ್ನದ ಹಲ್ಲಿಗೆಲ್ಲ ಅರಿಶಿನ ಕುಂಕುಮ ಮೆತ್ಕೊಂಡಿತ್ತು. ಕರೆಂಟು ಎಂಗೆ ದಾಟಬೇಕು? ರಬ್ಬರಲ್ಲಿ ಉಜ್ಜಿ ಕ್ಲೀನ್ ಮಾಡಿದೆ, ಹತ್ತು ನಿಮಿಷದ ಕೆಲಸ. ಯಾರ್ರೀ ಇದನ್ನ ಹಚ್ಚಿದ್ದು ಅಂತ ನಾನು ಬೈದ್ಬುಟ್ಟೆ. 'ನಮ್ಮನೆ ಮಹಾಲಕ್ಷ್ಮಿ ಇಟ್ಟಿದ್ದು, ಏನೂ ಅನ್ಬೇಡಿ' ಅಂದ್ರು. ತಮ್ಮನ ಹೆಂಡ್ತಿಯಂತೆ."

ನಾನು ಪಕ್ಕದ ಎಲೆಗೂ ಬಡಿಸಿದೆ. ಅವರು ಮುಂದುವರಿಸಿದರು.

"ಎಲ್ಲಿ ಇಟ್ರೆ ಕಾರ್ಡಿಗೆ ತೊಂದ್ರೆ ಆಗಲ್ಲ ಅಂತ ಕೇಳಿದ್ರು. ಫ್ಯಾನ್ ಪಕ್ಕದ ಜಾಗ ತೋರ್ಸಿದೆ. ನಮ್ಮಂಗಡಿ ದೇವರ ಮುಂದಿನ ಕುಂಕುಮ ತಗೊಂಡು ಅವ್ರೇ ಇಟ್ರು. ಕೈ ನಡುಗ್ತಿತ್ತು, ನಾನಿಡ್ಲಾ ಅಂದ್ರೆ ಬೇಡ ಅಂದ್ರು. ಮೂರು ಬೊಟ್ಟಿಗೆ ಎಷ್ಟೊತ್ತು ಅಂತೀರಿ. ಮನೇಲಿ ಏನಂತ ಹೇಳ್ತೀರಿ ಅಂದೆ. 'ಡ್ರೈವರ್‌ದೇ ತಪ್ಪು ಅಂತೀನಿ ಬುಡಿ. ಜನಕ್ಕೆ ಅಭ್ಯಾಸ ಐತೆ' ಅಂದ್ರು."

ಪಾಯಸದ ಎಲೆಯ ಮೇಲೆ ಬಗ್ಗಿ, ದನಿ ತಗ್ಗಿಸಿ, "ಆಯಮ್ಮನಿಗೆ ಮಾತ್ರ ಗೊತ್ತಾಗಬಾರ್ದು ಅಂದಿದ್ರು. ನೀವೂ ಹೇಳ್ಬೇಡಿ" ಎಂದರು.

"ಇಲ್ಲ, ಹೇಳಲ್ಲ. ಇನ್ನೊಂದು ಸೌಟು ಹಾಕ್ಲಾ?" ಎಂದೆ.

ಆಯಮ್ಮನಿಗೆ ನಾನು ಇದುವರೆಗೂ ಹೇಳಿಲ್ಲ.

ಎಲ್ಲರೂ ಹೊರಟುಹೋದ ಮೇಲೆ ಮಹಡಿಗೆ ಹೋದೆ. ಪೆಟ್ಟಿಗೆಯ ಗಾಜಿನೊಳಗೆ ಆ ಮೂರು ಬೊಟ್ಟು ಕಾಣುತ್ತಿದ್ದವು. ಒಂದು ಮೇಲೆ, ಒಂದು ಕೆಳಗೆ, ಇನ್ನೊಂದರ ಬಾಲ ಪಕ್ಕಕ್ಕೆ ಎಳೆದುಹೋಗಿತ್ತು. ಬಿಸಿಗೆ ಹಬ್ಬಿದ್ದಲ್ಲ. ಮೇಲೆ ಧೂಳು ಕೂರದಂತೆ ಹಳೇ ಸೀರೆಯ ತುಂಡು ಹೊದಿಸಿ ಕೆಳಗೆ ಬಂದೆ.

ಹಿತ್ತಲ ಕಟ್ಟೆಯ ಮೇಲೆ ದೀಪಗಳು ಅಂದು ಬಿಟ್ಟಂತೆಯೇ ಇದ್ದವು. ಉಜ್ಜಿದ್ದೂ ಮಸುಕಾಗಿತ್ತು. ಹುಳಿ ಹಚ್ಚಿ ಬಿಟ್ಟವುಗಳ ಮೈಮೇಲೆ ಹುಣಸೆಹಣ್ಣು ಒಣಗಿ, ಅದರ ಅಡಿ ಹಸಿರು ಕಿಲುಬು ಕಟ್ಟಿತ್ತು. ಹೊಸದಾಗಿ ಹುಣಸೆಹಣ್ಣು ನೆನೆಹಾಕಿದೆ. ಅದು ಮೆತ್ತಗಾಗುವವರೆಗೆ ಕೂತಿದ್ದು, ನನಗೆ ನಾನೇ "ರೈಟ್" ಎಂದುಕೊಂಡು, ಎರಡನೆಯ ದೀಪವನ್ನು ಕೈಗೆತ್ತಿಕೊಂಡೆ.